ಸವಳಿಗೆ ಹಾರ್ಮೋನ್ ಬಾಟಲಿ: ಮೊದಲು ನೀರು ಅಳೆಯಲಿ

ಮಾನ್ಯರೇ,

ಟೊಮೆಟೊ ನಾಟಿ ಹತ್ತಿರವಾದಂತೆ ಚಿಂತಾಮಣಿ ಸುತ್ತಿನ ಗೊಬ್ಬರದ ಅಂಗಡಿಗಳಲ್ಲಿ ಉಪ್ಪೇರಿದ ನೆಲಕ್ಕೆ, ಅಂದರೆ ‘ಸವಳಿಗೆ ರಾಮಬಾಣ’ ಎಂದು ಹಾರ್ಮೋನ್ ಬಾಟಲಿಗಳನ್ನು ಮಾರಲಾಗುತ್ತಿದೆ. ನಾನು ಪ್ರೋಟ್ರೇಗಳಲ್ಲಿ (ಸಸಿ ಬೆಳೆಸುವ ಗುಳಿಗಳ ತಟ್ಟೆಗಳಲ್ಲಿ) ಟೊಮೆಟೊ, ಬದನೆ, ಎಲೆಕೋಸಿನ ಸಸಿ ಬೆಳೆಸಿ ಮಾರುವವಳು. ಸಸಿ ಒಯ್ಯಲು ಬಂದವರು ಯಾವ ಹಾರ್ಮೋನ್ ಹೊಡೆಯಬೇಕೆಂದು ಕೇಳುತ್ತಾರೆ. ನಿಮ್ಮ ಕೊಳವೆಬಾವಿ ನೀರಿನ ಇ.ಸಿ. (ವಿದ್ಯುತ್ ವಾಹಕತೆ, ಅಂದರೆ ಉಪ್ಪು ಎಷ್ಟಿದೆ ಎಂದು ತೋರಿಸುವ ಅಳತೆ) ಎಷ್ಟು ಎಂದು ನಾನು ತಿರುಗಿ ಕೇಳಿದರೆ ಉತ್ತರವಿಲ್ಲ.

ಹಾರ್ಮೋನ್ ಸುಳ್ಳೆಂದು ನಾನು ಹೇಳುತ್ತಿಲ್ಲ. ದ್ರಾಕ್ಷಿ ಬೆಳೆಯುವ ಈ ಜಿಲ್ಲೆಗೆ ದ್ರಾಕ್ಷಿಗೆ ಹೊಡೆಯುವ ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲವೆಂಬ ಬೆಳವಣಿಗೆಯ ಹಾರ್ಮೋನನ್ನು ಪರಿಚಯಿಸಬೇಕಾಗಿಯೂ ಇಲ್ಲ. ಬೀಜ ನೀರು ಕುಡಿದಾಗ ಅದರೊಳಗಿನ ದಾಸ್ತಾನನ್ನು ಕರಗಿಸಿ ಮೊಳಕೆಗೆ ಉಣಿಸುವ ಕೆಲಸಕ್ಕೆ ಚಾಲನೆ ಕೊಡುವುದು ಗಿಡದ ಸ್ವಂತ ಜಿಎ. ಅದಕ್ಕೆ ಕಡಿವಾಣ ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನ್. ಉಪ್ಪು ನೆಲದಲ್ಲಿ ಕಡಿವಾಣ ಬಿಗಿಯಾಗಿ ಮೊಳಕೆ ತಡವಾಗುತ್ತದೆ. ಬಿತ್ತುವ ಮೊದಲು ಬೀಜವನ್ನು ಜಿಎ ಅಥವಾ ಮತ್ತೊಂದು ಹಾರ್ಮೋನಾದ ಸ್ಯಾಲಿಸಿಲಿಕ್ ಆಮ್ಲದ ಬಹಳ ತೆಳುವಾದ ದ್ರಾವಣದಲ್ಲಿ ನೆನೆಸಿದರೆ ಮೊಳಕೆ ಸುಧಾರಿಸುವುದು ಹಲವು ಬೆಳೆಗಳಲ್ಲಿ ಕಂಡುಬಂದಿದೆ. ದ್ರಾವಣ ಗಟ್ಟಿಯಾದರೆ ಅದೇ ಸ್ಯಾಲಿಸಿಲಿಕ್ ಆಮ್ಲ ಮೊಳಕೆಯನ್ನು ತಡೆದುಬಿಡುತ್ತದೆ.

ನೆಟ್ಟ ಸಸಿಯ ವಿಷಯ ಬೇರೆ. ಬೇರಿಗೆ ಉಪ್ಪು ತಗುಲಿದೊಡನೆ ಅಬ್ಸಿಸಿಕ್ ಆಮ್ಲ ಏರುತ್ತದೆ, ಎಲೆಯ ರಂಧ್ರಗಳು ಮುಚ್ಚುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ. ಸಸಿ ಏಳುತ್ತಿಲ್ಲವೆಂದು ರೈತರು ಗಾಬರಿಯಾಗಿ ಅಂಗಡಿಗೆ ಓಡುವುದು ಆಗಲೇ. ಬರಗಾಲದಲ್ಲಿ ಮನೆಯೊಡತಿ ಖರ್ಚು ಬಿಗಿ ಹಿಡಿದಂತೆ ಸಸಿ ಬೇಕೆಂದೇ ಬೆಳವಣಿಗೆಯನ್ನು ಬಿಗಿ ಹಿಡಿದಿರುತ್ತದೆ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲಿನ ಪ್ರಯೋಗಗಳಲ್ಲಿ ಜಿಎ ಕಡಿಮೆಯಿದ್ದು ಗಿಡ್ಡವಾದ ಗಿಡಗಳೇ ಉಪ್ಪಿನಲ್ಲಿ ಹೆಚ್ಚು ಬದುಕಿದವು. ಅಂಥ ಹೊತ್ತಿನಲ್ಲಿ ಎಲೆಗೆ ಜಿಎ ಹೊಡೆದು ಎಳೆದು ನಿಲ್ಲಿಸಿದರೆ ಕಾಂಡ ಉದ್ದವಾದೀತು. ಉಪ್ಪು ಇದ್ದಲ್ಲೇ ಇರುತ್ತದೆ.

ಇವೆಲ್ಲಕ್ಕಿಂತ ನನಗೆ ಬೆರಗು ತಂದದ್ದು ಬೇರಿನ ಜಾಣತನ. ಟೊಮೆಟೊ ಮತ್ತು ಜೋಳದ ಎಳೆ ಬೇರುಗಳು ಉಪ್ಪು ಹೆಚ್ಚಿರುವ ಕಡೆಯಿಂದ ಪಕ್ಕಕ್ಕೆ ತಿರುಗುತ್ತವೆ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಬೇರಿನ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ಎರಡು ಮಗ್ಗುಲಿಗೂ ಸಮನಾಗಿ ಹಂಚಿಕೆಯಾಗದೆ ಈ ತಿರುವು ಬರುತ್ತದೆ. ಇದಕ್ಕೆ ಬಾಟಲಿ ಬೇಕಿಲ್ಲ, ತಿರುಗಿದ ಕಡೆ ಉಪ್ಪಿಲ್ಲದ ಜಾಗವಿರಬೇಕು ಅಷ್ಟೆ. ಹನಿ ನೀರಾವರಿಯಲ್ಲಿ ಉಪ್ಪು ಒದ್ದೆ ನೆಲದ ಅಂಚಿಗೆ ಹೋಗಿ ಕೂರುತ್ತದೆ, ಆದ್ದರಿಂದ ಸಸಿ ಡ್ರಿಪ್ಪರ್ ಪಕ್ಕದಲ್ಲೇ ಇರಲಿ. ತುಂತುರು ಮಳೆ ಬಂತೆಂದು ಹನಿ ನಿಲ್ಲಿಸಿದರೆ ಅಂಚಿನ ಉಪ್ಪು ಬೇರಿನತ್ತಲೇ ಇಳಿಯುತ್ತದೆ. ಸಾಲಿನಲ್ಲಿ ನೀರು ಹಾಯಿಸುವವರು ದಿಂಡಿನ ನೆತ್ತಿಯ ಮೇಲೆ ನೆಡುವುದು ಬೇಡ, ಉಪ್ಪು ಹತ್ತುವುದು ಅಲ್ಲಿಗೇ; ಓರೆಯಲ್ಲಿ ನೆಡಲಿ.

ಉಪ್ಪು ಬರುವುದು ಎಲ್ಲಿಂದ? ನಮ್ಮ ಕಡೆಯ ಕೆಂಪು ಮಣ್ಣಿಗೆ ಬಹುಪಾಲು ನಾವೇ ನೀರಿನ ಜೊತೆ ಸುರಿಯುತ್ತಿದ್ದೇವೆ. ಇ.ಸಿ. 2 (ಮೀಟರಿಗೆ 2 ಡೆಸಿಸೀಮನ್ಸ್) ಇರುವ ನೀರಿನಲ್ಲಿ ಲೀಟರಿಗೆ ಸುಮಾರು 1.3 ಗ್ರಾಂ ಲವಣವಿರುತ್ತದೆ. ಎಕರೆಗೆ ಒಂದು ಅಂಗುಲ ನೀರೆಂದರೆ ಲಕ್ಷ ಲೀಟರಿಗೂ ಹೆಚ್ಚು. ಒಂದು ಸಲ ಹಾಯಿಸಿದರೆ ಹೊಲಕ್ಕೆ ಬಿದ್ದದ್ದು 130 ಕಿಲೋ! ಮಣ್ಣಿನ ಇ.ಸಿ. 2.5 ದಾಟಿದ ಮೇಲೆ ಟೊಮೆಟೊ ಇಳುವರಿ ಇಳಿಯುತ್ತಾ ಹೋಗುತ್ತದೆ. ಬೀನ್ಸ್, ಕ್ಯಾರೆಟ್‌ಗೆ 1 ದಾಟಿದರೇ ಕಷ್ಟ. ನಮ್ಮ ನರ್ಸರಿಗಳೂ ಸಾಚಾ ಅಲ್ಲ. ತೊಳೆಯದ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಧಾರಾಳವಾಗಿರುತ್ತದೆ. ಅದನ್ನು ಒಳ್ಳೆಯ ನೀರಿನಲ್ಲಿ ತೊಳೆಯದೆ ಟ್ರೇಗೆ ತುಂಬಿದರೆ ಸಸಿಗೆ ಹುಟ್ಟಿನಲ್ಲೇ ಉಪ್ಪಿನೂಟ.

ಜಿಎಯಂತಹ ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗುತ್ತವೆ. ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಹೀಗಿರುವಾಗ ಒಳಗೇನಿದೆ, ಎಷ್ಟಿದೆ ಎಂದು ಬರೆಯದ ಬಾಟಲಿಗಳು ಅಂಗಡಿಯ ಕಪಾಟಿನಲ್ಲಿ ಹೇಗೆ ಕುಳಿತಿವೆ? ಕೃಷಿ ಇಲಾಖೆಯವರು ನಾಟಿಗೆ ಮುಂಚೆ ಬಾಟಲಿಗಳ ಚೀಟಿ ಓದುತ್ತಾ ಒಂದು ಸುತ್ತು ಬರಲಿ. ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇ.ಸಿ. ಮೀಟರ್ ಇಟ್ಟು, ಬಾಟಲಿಯಲ್ಲಿ ನೀರು ತಂದವರಿಗೆ ನಿಂತ ನಿಲುವಿನಲ್ಲೇ ಅಂಕಿ ಬರೆದುಕೊಡಲಿ. ಸಸಿ ಮಾರುವ ನಾವೂ ನಮ್ಮ ನೀರಿನ ಮತ್ತು ಕೊಕೊಪೀಟ್‌ನ ಇ.ಸಿ.ಯನ್ನು ರಸೀದಿಯಲ್ಲಿ ನಮೂದಿಸಬೇಕೆಂದು ತೋಟಗಾರಿಕೆ ಇಲಾಖೆ ಕಡ್ಡಾಯ ಮಾಡಲಿ.

— ಸಸಿ ನರ್ಸರಿ ನಡೆಸುವ ರೈತ ಮಹಿಳೆ, ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ