ಬಟನ್ ದೀಪ ಉರಿಯದಿದ್ದರೆ ಬೋರ್ಡ್ ಹೋಗಿದೆ ಅಂತಲ್ಲ

ಮಾನ್ಯರೇ,

ಡಿಜೆ ಅಂದರೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಸದ್ದಿನ ದೂರು. ದೂರು ಸರಿಯೇ, ಬೇಡ ಎನ್ನುವುದಿಲ್ಲ. ಆದರೆ ಈ ಕೆಲಸ ಕಲಿಯುವವರಿಗೆ ಕನ್ನಡದಲ್ಲಿ ನಾಲ್ಕು ಸಾಲು ಮಾಹಿತಿ ಯಾಕಿಲ್ಲ?

ಸೆಕೆಂಡ್ ಹ್ಯಾಂಡ್ ಡಿಜೆ ಕಂಟ್ರೋಲರ್ (ಕಂಪ್ಯೂಟರ್‌ನಲ್ಲಿ ಹಾಡು ಓಡಿಸಲು ಬಟನ್, ತಿರುಗುಗುಂಡಿಗಳಿರುವ ಪೆಟ್ಟಿಗೆ) ಒಂದನ್ನು ಕೊಂಡು ಮಿಕ್ಸ್ ಎಂಬ ಉಚಿತ ಡಿಜೆ ಸಾಫ್ಟ್‌ವೇರ್‌ಗೆ ಜೋಡಿಸಿದೆ (ಹೆಸರಿನಲ್ಲಿ ಮೂರು ಎಕ್ಸ್ ಇದೆ, ಹುಡುಕುವಾಗ ನೆನಪಿರಲಿ). ಪ್ಲೇ ಒತ್ತಿದರೆ ಹಾಡು ಓಡುತ್ತಿತ್ತು, ದೀಪ ಮಾತ್ರ ಇಲ್ಲ. ರಿಪೇರಿಯವರು ಬೋರ್ಡ್ ಹೋಗಿದೆ ಅಂದರು. ಸುಮ್ನೆ ಹೆದರಿಸಿದರು ಅಷ್ಟೆ.

ಬಟನ್ ಒತ್ತಿದಾಗ ಕಂಪ್ಯೂಟರ್‌ಗೆ ಒಂದು ಮಿಡಿ ಸಂದೇಶ (ಮಿಡಿ ಅಂದರೆ ಸಂಗೀತ ಸಾಧನಗಳೂ ಕಂಪ್ಯೂಟರೂ ಮಾತಾಡುವ ಅಂಕಿಗಳ ಭಾಷೆ) ಹೋಗುತ್ತದೆ, ಆದರೆ ಎಷ್ಟೋ ಕಂಟ್ರೋಲರ್‌ಗಳಲ್ಲಿ ದೀಪ ಉರಿಯಬೇಕಾದರೆ ಅಲ್ಲಿಂದ ಇನ್ನೊಂದು ಸಂದೇಶ ವಾಪಸ್ ಬರಬೇಕು, ಮತ್ತು ಮಿಕ್ಸ್‌ನ ಲರ್ನಿಂಗ್ ವಿಝಾರ್ಡ್ (ಬಟನ್ ಒತ್ತಿ ತೋರಿಸಿದರೆ ಅದಕ್ಕೆ ಕೆಲಸ ಜೋಡಿಸಿಕೊಡುವ ಸೌಲಭ್ಯ) ಹೋಗುವ ದಾರಿಯನ್ನಷ್ಟೇ ಕಲಿಯುತ್ತದೆ. ವಾಪಸ್ ದಾರಿಯನ್ನು ಮ್ಯಾಪಿಂಗ್‌ನ (ಯಾವ ಬಟನ್‌ಗೆ ಯಾವ ಕೆಲಸ ಎಂದು ಬರೆದಿಟ್ಟ ಫೈಲ್‌ನ) ಔಟ್‌ಪುಟ್ ಭಾಗದಲ್ಲಿ ನಾವೇ ಬರೆಯಬೇಕು. ಸಾಮಾನ್ಯವಾಗಿ ಬಟನ್ ತನ್ನ ಗುರುತಾಗಿ ಕಳಿಸುವ ಚಾನೆಲ್, ನೋಟ್ ಸಂಖ್ಯೆಯನ್ನೇ ಹಾಕಿದರೆ ಸಾಕು. 127 ಕಳಿಸಿದರೆ ದೀಪ ಹತ್ತುತ್ತದೆ, 0 ಕಳಿಸಿದರೆ ಆರುತ್ತದೆ. ಬಣ್ಣದ ಪ್ಯಾಡ್ ಆದರೆ ನಡುವಿನ ಸಂಖ್ಯೆಗಳಿಗೆ ಬೇರೆ ಬೇರೆ ಬಣ್ಣ ಬರಬಹುದು, ಅದಕ್ಕೆ ಕಂಪನಿಯ ಮಿಡಿ ಪಟ್ಟಿ ನೋಡಬೇಕು. ಫೈಲ್ ತಿದ್ದುವ ಮೊದಲು ಒಂದು ಕಾಪಿ ಇಟ್ಟುಕೊಳ್ಳಿ, ನಾನು ಇಟ್ಟುಕೊಳ್ಳದೆ ಒಂದು ಭಾನುವಾರ ಪೂರ್ತಿ ಕಳೆದೆ.

ಕತ್ತಲ ಮಂಟಪದಲ್ಲಿ ಯಾವ ಡೆಕ್ (ಒಂದೊಂದು ಹಾಡು ಓಡಿಸುವ ಭಾಗ) ಓಡುತ್ತಿದೆ ಅಂತ ಹೇಳುವುದು ಈ ದೀಪವೇ ಅಲ್ವಾ? ನಿಮ್ಮ ತಂತ್ರಜ್ಞಾನ ಪುಟದಲ್ಲಿ ಮೊಬೈಲ್ ಸುದ್ದಿಯ ಪಕ್ಕ ಇಂಥದ್ದಕ್ಕೂ ಒಂದು ಕಾಲಂ ಕೊಡಿ.

– ಒಬ್ಬ ಓದುಗ