ಬರೀ ಹೇಳಿಕೊಡೋದಾ ಅಂದೆಯಲ್ಲ

ಮಗಾ,

ಭಾನುವಾರ ಫೋನಿನಲ್ಲಿ ನೀನು ಅತ್ತಾಗ ನನಗೆ ಮಾತೇ ಹೊರಡಲಿಲ್ಲ. ಹೂಂ ಅಂದು ನಿಮ್ಮವ್ವನ ಕೈಗೆ ಫೋನು ಕೊಟ್ಟುಬಿಟ್ಟೆ. ಆಮೇಲೆ ಅವಳ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ಬಾಯಲ್ಲಿ ಆಗದ್ದನ್ನು ಬರೆದಾದರೂ ಹೇಳೋಣ ಅಂತ ಈ ಕಾಗದ.

"ಮಂಡಿ ಹೋಯ್ತಪ್ಪ, ಇನ್ನು ಆಡೋಕಾಗಲ್ಲ. ಸ್ಕೂಲ್ ಮಕ್ಕಳಿಗೆ ನೆಟ್‌ಬಾಲ್ ಹೇಳಿಕೊಡು ಅಂತ ಕರೀತಿದ್ದಾರೆ. ಬರೀ ಹೇಳಿಕೊಡೋದಾ?" ಅಂದೆ. ಆ 'ಬರೀ' ಇನ್ನೂ ನನ್ನ ಕಿವಿಯಲ್ಲೇ ಇದೆ. ಯಾಕೆ ಅಂದರೆ ಆ ಮಾತನ್ನು ಮೊದಲು ಆಡಿದವನು ನಾನು.

ನೆನಪಿದೆಯಾ, ನಾನು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ನಿನ್ನ ಆಟ ನೋಡಲು ಬಂದಿದ್ದು? ನೀನು ಎದೆ ಮೇಲೆ 'ಸಿ' ಅಂತ, ಅಂದರೆ ಸೆಂಟರ್ ಅಂತ, ದೊಡ್ಡ ಅಕ್ಷರ ಹಾಕಿಕೊಂಡು ನಿಂತಿದ್ದೆ. ಚೆಂಡು ನಿನ್ನ ಕೈಗೆ ಬಂತು. ನೀನು ಗಕ್ಕನೆ ನಿಂತುಬಿಟ್ಟೆ. ನಾನು ಎದ್ದು ನಿಂತು "ಬಡ್ಕೊಂಡು ಓಡವ್ವ, ಓಡು!" ಅಂತ ಕೂಗಿದೆ. ಸುತ್ತ ಇದ್ದವರೆಲ್ಲ ನಕ್ಕರು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, "ಅಂಕಲ್, ಇದು ಬ್ಯಾಸ್ಕೆಟ್‌ಬಾಲ್ ಅಲ್ಲ. ಚೆಂಡು ಹಿಡಿದು ಓಡೋ ಹಾಗಿಲ್ಲ. ಮೂರು ಸೆಕೆಂಡಲ್ಲಿ ಕೊಟ್ಟುಬಿಡಬೇಕು" ಅಂದಳು. ತೆಪ್ಪಗೆ ಕೂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನಿನ್ನನ್ನು ಕೇಳಿದೆ, ನೀನು ಒಂದೂ ಗೋಲು ಹೊಡೆಯಲಿಲ್ಲವಲ್ಲ ಅಂತ. ಸೆಂಟರ್ ಆಡುವವಳು ಅಂಗಳದ ಈ ತುದಿಯಿಂದ ಆ ತುದಿಗೆ ಓಡಬಹುದು, ಆದರೆ ಗೋಲಿನ ಮುಂದಿನ ಅರ್ಧ ವೃತ್ತದೊಳಗೆ ಕಾಲಿಡುವ ಹಾಗಿಲ್ಲ, ಏಳು ಜನರಲ್ಲಿ ಗೋಲು ಹೊಡೆಯೋಕೆ ಇಬ್ಬರಿಗೆ ಮಾತ್ರ ಅವಕಾಶ ಅಂದೆ ನೀನು. "ಹಂಗಾದ್ರೆ ನಿಂದು ಬರೀ ಕೊಡೋ ಕೆಲಸವಾ?" ಅಂದೆ ನಾನು. ಎಷ್ಟು ಕೋಪ ಬಂದಿತ್ತು ನಿನಗೆ! ಚೆಂಡು ನಿನ್ನ ಕೈ ದಾಟಿಯೇ ಅವರಿಗೆ ಹೋಗುವುದು, ಯಾವಾಗ ಕೊಡಬೇಕು, ಎಷ್ಟು ಎತ್ತರಕ್ಕೆ ಕೊಡಬೇಕು ಅಂತ ಶ್ರೀರಂಗಪಟ್ಟಣ ಬರುವವರೆಗೂ ಪಾಠ ಮಾಡಿದೆ. ಕಂಡಕ್ಟರೂ ಕೇಳಿಸಿಕೊಂಡ.

ಈಗ ನೋಡು, ನೀನೇ 'ಬರೀ' ಅನ್ನುತ್ತಿದ್ದೀಯ.

ಮೊನ್ನೆ ನಿನ್ನ ತಮ್ಮನ ಮೊಬೈಲಿನಲ್ಲಿ ನ್ಯೂಜಿಲೆಂಡಿನ ನೋಲೀನ್ ಟೌರುವಾ ಅನ್ನುವವರ ಕಥೆ ಹುಡುಕಿಸಿದೆ. ನಿನಗೆ ಗೊತ್ತಿರಬಹುದು, ನನಗೆ ಹೊಸದು. 1994ರಿಂದ 1999ರವರೆಗೆ ದೇಶಕ್ಕೆ ಆಡಿದವರು, 34 ಪಂದ್ಯ. ಅಷ್ಟೇ ಆಗಿದ್ದರೆ ಮಂಡ್ಯದ ಕಬ್ಬು ಬೆಳೆಯುವವನಿಗೆ ಅವರ ಹೆಸರು ಯಾಕೆ ಗೊತ್ತಾಗುತ್ತಿತ್ತು? ಕೋಚ್ ಆದಮೇಲಿನದೇ ದೊಡ್ಡ ಕಥೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಕಡೆಯ ತಂಡಗಳು ಸೇರಿ ಆಡುವ ಒಂದು ಲೀಗ್ 2008ರಿಂದ 2016ರವರೆಗೆ ನಡೆಯಿತಂತೆ. ಅದನ್ನು ನ್ಯೂಜಿಲೆಂಡಿನ ತಂಡ ಗೆದ್ದದ್ದು ಒಂದೇ ಸಲ, 2012ರಲ್ಲಿ. ಕೋಚ್ ಇವರೇ. ಮನೆಯಲ್ಲಿ ಐದು ಮಕ್ಕಳು ಬೇರೆ.

ಇಷ್ಟಾದರೂ 2015ರಲ್ಲಿ ದೇಶದ ತಂಡದ ಕೋಚ್ ಕೆಲಸ ಕೇಳಿದಾಗ ಅದು ಬೇರೆಯವರಿಗೆ ಹೋಯಿತು. ಇವರು ಆಸ್ಟ್ರೇಲಿಯಾಕ್ಕೆ ಹೋಗಿ ಸನ್‌ಶೈನ್ ಕೋಸ್ಟ್ ಅನ್ನುವ ಊರಿನ ಹೊಸ ತಂಡ ಕಟ್ಟಿ, 2017, 2018 ಎರಡೂ ವರ್ಷ ಅಲ್ಲಿನ ಲೀಗ್ ಗೆಲ್ಲಿಸಿದರು. ಅದೇ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನ್ಯೂಜಿಲೆಂಡಿನ ನೆಟ್‌ಬಾಲ್ ತಂಡಕ್ಕೆ ಒಂದು ಕಂಚೂ ಸಿಗಲಿಲ್ಲ. ಮಲಾವಿ ದೇಶದ ಕೈಯಲ್ಲೂ ಸೋತರು. ಆಗ ಇವರನ್ನು ಕರೆದರು. ವಿಶ್ವಕಪ್ಪಿಗೆ ಒಂದು ವರ್ಷವೂ ಇರಲಿಲ್ಲ.

2019ರ ಜುಲೈ, ಇಂಗ್ಲೆಂಡಿನ ಲಿವರ್‌ಪೂಲ್. ಗುಂಪಿನ ಪಂದ್ಯದಲ್ಲಿ ಆಸ್ಟ್ರೇಲಿಯಾ ಎದುರು ಒಂದು ಗೋಲಿನಿಂದ ಸೋತರು. ಫೈನಲ್‌ನಲ್ಲಿ ಮತ್ತೆ ಅದೇ ಆಸ್ಟ್ರೇಲಿಯಾ. 52–51. ಒಂದೇ ಗೋಲಿನಿಂದ ಗೆದ್ದರು! 2003ರ ನಂತರ ನ್ಯೂಜಿಲೆಂಡಿಗೆ ಬಂದ ಮೊದಲ ವಿಶ್ವಕಪ್. ಕೊನೆಯ ನಿಮಿಷ ನೋಡುತ್ತಾ ನಿಮ್ಮವ್ವ ಒಲೆ ಮೇಲಿಟ್ಟ ಹಾಲನ್ನೇ ಮರೆತಳು. ಎಂದೋ ಮುಗಿದುಹೋದ ಪಂದ್ಯಕ್ಕೆ ಅರ್ಧ ಲೀಟರ್ ಹಾಲು ಹೋಯಿತು.

ನನಗೆ ನಮ್ಮ ಆಲೆಮನೆ ನೆನಪಾಯಿತು. ನೀನು ಚಿಕ್ಕವಳಿದ್ದಾಗಲೇ ನಿಮ್ಮ ತಾತನ ಸೊಂಟ ಬಿದ್ದುಹೋಗಿತ್ತು. ಗಾಣಕ್ಕೆ ಕಬ್ಬು ಕೊಡೋಕಾಗುತ್ತಿರಲಿಲ್ಲ, ಕೊಪ್ಪರಿಗೆಗೆ ಕೈ ಹಚ್ಚೋಕಾಗುತ್ತಿರಲಿಲ್ಲ. ಕಲ್ಲಿನ ಮೇಲೆ ಕೂತು ಪಾಕ ಕುದಿಯೋದನ್ನು ನೋಡುತ್ತಿದ್ದ. ಬೆಂಡೆ ಲೋಳೆ ಎಷ್ಟು ಹಾಕಬೇಕು, ಕೊಳೆ ಯಾವಾಗ ತೆಗೀಬೇಕು ಅಂತ ಕೂತಲ್ಲಿಂದಲೇ ಹೇಳುತ್ತಿದ್ದ. ಕೊನೆಗೆ ಒಂದು ಹನಿ ತಣ್ಣೀರಿಗೆ ಬಿಡಿಸಿ, ಬೆರಳಲ್ಲಿ ಉರುಳಿಸಿ ನೋಡಿ, "ಇಳಿಸ್ರೋ" ಅನ್ನುತ್ತಿದ್ದ. ಮೊದಲೇ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು, ತಡವಾದರೆ ಸೀದುಹೋಗುತ್ತದೆ. ನಾವು ನಾಲ್ಕು ಜನ ಗಟ್ಟಿಮುಟ್ಟಾಗಿದ್ದವರು ಅವನ ಬಾಯಿ ನೋಡಿಕೊಂಡು ನಿಂತಿರುತ್ತಿದ್ದೆವು. ಅವನು ಹೋದ ವರ್ಷ ನಾನು ಎರಡು ಕೊಪ್ಪರಿಗೆ ಪಾಕ ಕೆಡಿಸಿದೆ. ನಿನಗೆ ಹೇಳಿರಲಿಲ್ಲ.

ಮಂಡಿ ಹೋದದ್ದಕ್ಕೆ ನನಗೇನು ಸಂಕಟ ಇಲ್ಲ ಅಂದುಕೊಳ್ಳಬೇಡ. ಆಸ್ಪತ್ರೆಯಲ್ಲಿ ಸ್ಕ್ಯಾನ್ ತೋರಿಸಿದಾಗ ಡಾಕ್ಟರು ಹೇಳಿದ್ದು ಮರೆತಿಲ್ಲ. ಓಡಿ ಬಂದು, ಹಾರಿ ಹಿಡಿದು, ಇಳಿದ ಕಾಲಲ್ಲೇ ತಟ್ಟನೆ ನಿಲ್ಲಬೇಕಲ್ಲ, ಅದಕ್ಕೇ ಈ ಆಟದಲ್ಲಿ ಮಂಡಿಯೊಳಗಿನ ಲಿಗಮೆಂಟ್ ಹರಿಯೋದು ಜಾಸ್ತಿ ಅಂದರು. ನಿನಗೆ ಚಿಕ್ಕಂದಿನಲ್ಲಿ ಹಾರೋದು ಕಲಿಸಿದರು. ಇಳಿಯೋದನ್ನು ಯಾರಾದರೂ ಕುಳಿತು ಕಲಿಸಿದ್ದರಾ? ಮಂಡಿ ಬಗ್ಗಿಸಿ ಮೆತ್ತಗೆ ಇಳಿಯೋದು, ಮಂಡಿ ಒಳಕ್ಕೆ ತಿರುಗದ ಹಾಗೆ ನೋಡಿಕೊಳ್ಳೋದು. ಫಿಸಿಯೋ ಈಗ ಅದನ್ನೇ ಮಾಡಿಸುತ್ತಿದ್ದಾರೆ ಅಂದೆಯಲ್ಲ. ಆ ಮಕ್ಕಳಿಗೆ ಚೆಂಡು ಕೊಡೋ ಮುಂಚೆ ಅದನ್ನು ಹೇಳಿಕೊಡು. ನಿನ್ನಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತಿದೆ?

ಬುಧವಾರ ನಿನ್ನ ತಮ್ಮ ಮೈಸೂರಿಗೆ ಬರುತ್ತಾನೆ. ಹತ್ತು ಅಚ್ಚು ಬೆಲ್ಲ ಕಳಿಸುತ್ತೇನೆ. ಹಾಸ್ಟೆಲ್ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ನಿಮ್ಮವ್ವ ಇದನ್ನು ಎರಡು ಸಲ ಬರಿ ಅಂದಳು, ಒಂದೇ ಸಲ ಬರೆದಿದ್ದೇನೆ.

ಇನ್ನೊಂದು ಅನುಮಾನ ಉಳಿದಿದೆ. ಗೋಲು ಯಾರೇ ಹೊಡೆಯಲಿ, ಮತ್ತೆ ಆಟ ಶುರು ಮಾಡುವಾಗ ಎರಡೂ ಕಡೆಯ ಸೆಂಟರ್‌ಗಳು ಸರದಿ ಮೇಲೆ ಚೆಂಡು ತಗೋತಾರೆ. ಗೋಲು ಹೊಡೆಸಿಕೊಂಡವರಿಗೆ ಕೊಡೋದು ನ್ಯಾಯ ಅಲ್ವಾ? ನಿನ್ನ ತಮ್ಮನನ್ನು ಕೇಳಿದರೆ ಸುಮ್ನೆ ನೋಡಪ್ಪ ಅನ್ನುತ್ತಾನೆ. ಭಾನುವಾರ ಫೋನು ಮಾಡಿದಾಗ ನೀನೇ ಹೇಳಿಕೊಡು.

ನಿನ್ನ ಅಪ್ಪ