ಬೇಸಿಗೆ ಪ್ರಯಾಣಕ್ಕೆ ಮುಂಚೆ, ಮಂಜುವಿಗೆ

ಮಂಜು,

ಮೇ ತಿಂಗಳಲ್ಲೇ ಗಾಣಗಾಪುರಕ್ಕೆ ಹೊರಟಿದ್ದೀಯಲ್ಲ ಮಾರಾಯ! ಕಲಬುರಗಿ ಕಡೆ ಆಗ 42 ಡಿಗ್ರಿ ಬಿಸಿಲು ಮಾಮೂಲು. ನಿನಗೆ ಒಮ್ಮೆ ಕಿಡ್ನಿ ಸ್ಟೋನ್ ಆಗಿದೆ, ಶೋಭಾಗೆ ಆಗಾಗ ಉರಿಮೂತ್ರ, ನಿಮ್ಮಪ್ಪನಿಗೆ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆ. ಮೂವರಿಗೂ ನೀರು ಬೇಕೇ ಬೇಕು, ಆದರೆ ರಾತ್ರಿ ಬಸ್ಸಿನಲ್ಲಿ ಅದನ್ನು ಯಾವಾಗ ಕುಡಿಯೋದು ಅನ್ನೋದೇ ಫಜೀತಿ.

ಬಸ್ಸಲ್ಲಿ ಅವಸರವಾದರೆ ಎಲ್ಲಿ ಹೋಗೋದು ಅಂತ ಹೆಂಗಸರು ಮಧ್ಯಾಹ್ನದಿಂದಲೇ ನೀರು ಬಿಟ್ಟುಬಿಡ್ತಾರೆ. ಅವರನ್ನು ದೂರೋ ಹಾಗಿಲ್ಲ, ನಮ್ಮ ಹೆದ್ದಾರಿ ಶೌಚಾಲಯಗಳ ಅವಸ್ಥೆ ನಿನಗೆ ಗೊತ್ತು. ಆದರೆ ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಹತ್ತೋಕೆ ಅದೇನು ದೂರವಲ್ಲ. ಹತ್ತಿದ್ದನ್ನು ತೊಳೆದು ಹೊರಹಾಕೋದು ಮೂತ್ರದ ಹರಿವು. ನೀರೂ ಇಲ್ಲ, ಮೇಲಿಂದ ಆರೇಳು ಗಂಟೆ ತಡೆದುಕೊಂಡು ಕೂತರೆ, ಅವಕ್ಕೆ ಬೆಳೆಯೋಕೆ ಬೇಕಾದಷ್ಟು ಪುರುಸೊತ್ತು.

ರಾತ್ರಿ ಒಂಬತ್ತಕ್ಕೆ ಬಸ್ಸು ಅಂದುಕೋ. ಬೆಳಗ್ಗೆಯಿಂದ ಸಂಜೆ ಆರರೊಳಗೆ ಎರಡು ಲೀಟರ್ ಒಳಗೆ ಹೋಗಿರಲಿ. ಕೊನೆಯ ದೊಡ್ಡ ಲೋಟ ಏಳು ಗಂಟೆಗೆ. ಆರರ ಮೇಲೆ ಕಾಫಿ, ಟೀ ಬೇಡ, ಎರಡೂ ಮೂತ್ರಕೋಶವನ್ನು ಕೆಣಕುತ್ತವೆ. ಬಸ್ ಹತ್ತೋ ಮುಂಚೆ ಒಮ್ಮೆ ಹೋಗಿಬನ್ನಿ. ಆಮೇಲೆ ಗುಟುಕು ಗುಟುಕಾಗಿ ಗಂಟೆಗೆ 100 ಎಂಎಲ್ ಸಾಕು. ಊಟಕ್ಕೆ ಅಂತ ಡಾಬಾದಲ್ಲಿ ನಿಲ್ಲಿಸಿದರೆ ಅವಸರ ಇಲ್ಲದಿದ್ದರೂ ಇಳಿಯಿರಿ. ಹೋಗಿಬಂದು ಹತ್ತಿದ ಮೇಲೆ ಒಂದು ಲೋಟ. ಊರು ಮುಟ್ಟಿದ ಮೇಲೆ ಅರ್ಧ ಲೀಟರ್.

ಕಮೋಡ್ ಗಲೀಜು ಅಂತ ಅರ್ಧ ಬಗ್ಗಿ ನಿಂತೇ ಮುಗಿಸೋ ಅಭ್ಯಾಸ ಇದೆಯಲ್ಲ, ಅದನ್ನು ಶೋಭಾ ಬಿಡಲಿ. ಆ ಭಂಗಿಯಲ್ಲಿ ಸ್ನಾಯುಗಳು ಸಡಿಲವಾಗಲ್ಲ, ಮೂತ್ರ ಸ್ವಲ್ಪ ಒಳಗೇ ಉಳಿಯುತ್ತೆ. ಸೀಟಿನಿಂದ ಮೂತ್ರದ ಸೋಂಕು ಬರೋದು ತೀರಾ ಅಪರೂಪ, ಟಿಶ್ಯೂ ಹಾಸಿ ಕೂತರಾಯ್ತು. ಇಂಡಿಯನ್ ಟಾಯ್ಲೆಟ್ ಇದ್ದರೆ ಇನ್ನೂ ವಾಸಿ. ತೊಳೆಯೋದು ಮುಂದಿನಿಂದ ಹಿಂದಕ್ಕೆ, ಆಮೇಲೆ ಒರೆಸಿಕೊಳ್ಳಬೇಕು. ಬೆವರಿನ ದಿನಗಳಲ್ಲಿ ಹತ್ತಿಯ ಒಳಉಡುಪು, ದಿನಕ್ಕೆರಡು ಸಲ ಬದಲಿಸುವಷ್ಟು ಇಟ್ಟುಕೊಳ್ಳಿ.

ಬಿಸಿಲಲ್ಲಿ ಉರಿ ಬಂದರೆ ನಾವೆಲ್ಲ 'ಉಷ್ಣ ಆಗಿದೆ' ಅಂತೀವಿ. ಅರ್ಧ ಸಲ ಅದು ನಿಜವೇ. ನೀರು ಸಾಲದೆ ಮೂತ್ರ ಎಳ್ಳೆಣ್ಣೆ ಬಣ್ಣಕ್ಕೆ ತಿರುಗಿದರೆ ಹೋಗುವಾಗ ಚುರುಗುಟ್ಟುತ್ತೆ. ಮುಕ್ಕಾಲು ಲೀಟರ್ ನೀರೋ ಮಜ್ಜಿಗೆಯೋ ಕುಡಿದರೆ ಎರಡು ಮೂರು ಗಂಟೆಯಲ್ಲಿ ಬಣ್ಣ ತಿಳಿಯಾಗಿ ಉರಿ ಇಳಿಯಬೇಕು. (ಬಿ ಕಾಂಪ್ಲೆಕ್ಸ್ ನುಂಗುತ್ತಿದ್ದರೆ ಬಣ್ಣ ನಂಬಬೇಡ, ಅದು ಹೇಗೂ ಕಡು ಹಳದಿಯೇ.) ಬಣ್ಣ ತಿಳಿಯಾದರೂ ಉರಿ ಹಾಗೇ ಇದ್ದು, ಹತ್ತು ನಿಮಿಷಕ್ಕೊಮ್ಮೆ ಹೋಗಬೇಕೆನಿಸಿ ನಾಲ್ಕು ಹನಿ ಬಂದರೆ, ಕೆಳಹೊಟ್ಟೆ ನೋವು, ವಾಸನೆ ಇದ್ದರೆ ಅದು ಸೋಂಕು. ಬಾರ್ಲಿ ನೀರಿಗೆ ಅದು ಬಗ್ಗಲ್ಲ. ಮೆಡಿಕಲ್ ಶಾಪಿನವರು ಕೊಡೋ ಸಿಟ್ರೇಟ್ ಸಿರಪ್ ಉರಿ ತಗ್ಗಿಸುತ್ತೆ, ಬ್ಯಾಕ್ಟೀರಿಯಾ ಕೊಲ್ಲಲ್ಲ. ಹೋದ ಸಲ ಉಳಿದ ಆಂಟಿಬಯಾಟಿಕ್ ಎರಡು ಮಾತ್ರೆ ನುಂಗೋದಂತೂ ಬೇಡವೇ ಬೇಡ. ರೋಗ ಅರ್ಧ ಅಡಗುತ್ತೆ, ಆಮೇಲೆ ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡೋ ಕಲ್ಚರ್ ಪರೀಕ್ಷೆಯಲ್ಲೂ ಏನೂ ಸಿಗದೇ ಹೋಗಬಹುದು. ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬ್ ಡಬ್ಬಿಯಲ್ಲಿ ಹಿಡಿದು ಕೊಟ್ಟ ಮೇಲೇ ಔಷಧಿ ಶುರು. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಸೇರಿದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ದರ್ಶನ ಆಮೇಲೆ, ಆಸ್ಪತ್ರೆ ಮೊದಲು.

ನಿನ್ನ ವಿಷಯ: ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಆ ಬಿಸಿಲಲ್ಲಿ ಅದಕ್ಕೆ ನಾಲ್ಕು ಲೀಟರ್ ಕುಡಿದರೂ ಹೆಚ್ಚಲ್ಲ. ನಿಂಬೆ ಹಿಂಡಿಕೋ, ಅದರ ಸಿಟ್ರೇಟ್ ಕಲ್ಲು ಕಟ್ಟೋದನ್ನು ತಡೆಯುತ್ತೆ. ಕ್ಯಾಲ್ಸಿಯಂ ಕಲ್ಲು ಅಂತ ಹಾಲು ಮೊಸರು ಬಿಡಬೇಡ, ಊಟದ ಕ್ಯಾಲ್ಸಿಯಂ, ಕಲ್ಲು ಕಟ್ಟೋ ಆಕ್ಸಲೇಟನ್ನು ಕರುಳಲ್ಲೇ ಹಿಡಿದುಹಾಕುತ್ತೆ. ಕಡಿಮೆ ಮಾಡಬೇಕಾದ್ದು ಉಪ್ಪಿನಕಾಯಿ, ಹಪ್ಪಳ, ಚಿಪ್ಸ್.

ಓಆರ್‌ಎಸ್ ನಾಲ್ಕು ಪೊಟ್ಟಣ ಇಟ್ಟುಕೋ, ಭೇದಿ ಅಥವಾ ವಿಪರೀತ ಬೆವರಿಗೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಬೆರೆಸು, ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗುತ್ತೆ.

ಅಪ್ಪನಿಗೆ ಬಸ್ಸು ಬೇಡ ಕಣೋ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಲೋವರ್ ಬರ್ತ್ ನೋಡು, ಶೌಚಾಲಯ ನಾಲ್ಕು ಹೆಜ್ಜೆ. ದಾರಿಯಲ್ಲಿ ನೆಗಡಿ ಅಂತ ಯಾರೋ ಕೊಟ್ಟ ಮಾತ್ರೆ ತಗೊಳ್ಳೋಕೆ ಬಿಡಬೇಡ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಇರೋ ಮಾತ್ರೆಯಿಂದ ಪ್ರಾಸ್ಟೇಟ್ ದಪ್ಪಗಿರೋರಿಗೆ ಮೂತ್ರ ಕಟ್ಟಿಬಿಡಬಹುದು. ಹೊಟ್ಟೆ ಉಬ್ಬಿ ಒಂದು ಹನಿಯೂ ಬರದಿದ್ದರೆ ಕಾಯೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ ಮೂತ್ರ ಹೊರತೆಗೆಯೋ ನಳಿಗೆ (ಕ್ಯಾತಿಟರ್) ಹಾಕಿಸಲೇಬೇಕು.

ಅವರು ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಹೋಗಿಸೋದು) ತಗೊಳ್ತಾರಾ ನೋಡು. ತಗೊಳ್ತಿದ್ದರೆ ಪ್ರಯಾಣದ ದಿನ ವೇಳೆ ಬದಲಿಸಬಹುದಾ ಅಂತ ಅವರ ಡಾಕ್ಟರನ್ನೇ ಕೇಳು, ನೀವಾಗಿಯೇ ನಿಲ್ಲಿಸಬೇಡಿ.

ನಿನ್ನ,
ಗೆಳೆಯ